‘ಡು’ ಎಲ್ಲಿಂದ ಬಂತು, ‘ಎಸ್’ ಎಲ್ಲಿಗೆ ಹೋಯಿತು?

ಓದುಗರ ಪ್ರಶ್ನೆ: ಇಂಗ್ಲಿಷ್ ಕಲಿಕೆ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಸರಳ ವರ್ತಮಾನ ಕಾಲದಲ್ಲಿ, ಅಂದರೆ ಸಿಂಪಲ್ ಪ್ರೆಸೆಂಟ್ ಟೆನ್ಸ್‌ನಲ್ಲಿ, ಪ್ರಶ್ನೆ ಕೇಳುವ ಮತ್ತು ಉತ್ತರ ಹೇಳುವ ಕ್ರಮಕ್ಕೇ ಅಂಕಣವನ್ನು ಮೀಸಲಿಟ್ಟಿದ್ದೇನೆ. ದಿನಚರಿ, ಉದ್ಯೋಗ, ಅಭ್ಯಾಸ, ಇಷ್ಟಾನಿಷ್ಟ, ಎಂದೆಂದಿಗೂ ನಿಜವಾಗಿರುವ ಸಂಗತಿ, ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದು ಈ ಕಾಲದಲ್ಲಿಯೇ. ಹೊಸಬರೊಬ್ಬರ ಜೊತೆ ಮೊದಲ ಐದು ನಿಮಿಷ ಆಡುವ ಮಾತು ಹೆಚ್ಚುಕಡಿಮೆ ಇದರೊಳಗೇ ಮುಗಿದುಹೋಗುತ್ತದೆ. ಆದ್ದರಿಂದ ಇಲ್ಲಿ ಎಡವಿದವರು ಬಾಯಿ ತೆರೆಯುವ ಮೊದಲೇ ಅಳುಕುತ್ತಾರೆ ಎಂಬುದನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಪ್ರಶ್ನೆ (ಪದವಿ ವಿದ್ಯಾರ್ಥಿ, ಹಾವೇರಿ): ‘ಹಿ ವರ್ಕ್ಸ್ ಇನ್ ಎ ಬ್ಯಾಂಕ್’ ಎಂಬ ವಾಕ್ಯ ಸರಿ. ಆದರೆ ‘ಡಸ್ ಹಿ ವರ್ಕ್ಸ್ ಇನ್ ಎ ಬ್ಯಾಂಕ್?’ ಎಂದು ಬರೆದರೆ ಉಪನ್ಯಾಸಕರು ಕೆಂಪು ಗೆರೆ ಎಳೆಯುತ್ತಾರೆ. ಪ್ರಶ್ನೆಯಲ್ಲಿ ‘ಎಸ್’ ಏಕೆ ಬಿಟ್ಟುಹೋಗುತ್ತದೆ? ಅರ್ಥವೇ ಇಲ್ಲದಂತೆ ಕಾಣುವ ಈ ‘ಡು’, ‘ಡಸ್’ ಎಲ್ಲಿಂದ ಬಂದವು?

ಉತ್ತರ: ನಿಮ್ಮ ‘ಎಸ್’ ಕಳೆದುಹೋಗಿಲ್ಲ; ಅದು ‘ಡಸ್’ನ ಒಳಗೆ ಹೋಗಿ ಕುಳಿತಿದೆ. ಇದನ್ನು ಕಾಣಬೇಕಾದರೆ ‘ಹಿ ವರ್ಕ್ಸ್’ ಎಂಬುದನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಯಾರಾದರೂ ‘ಅವನು ಕೆಲಸ ಮಾಡುವುದಿಲ್ಲ’ ಎಂದು ವಾದಿಸಿದಾಗ, ‘ಇಲ್ಲ, ಖಂಡಿತ ಮಾಡುತ್ತಾನೆ’ ಎಂದು ಒತ್ತಿ ಹೇಳಲು ಇಂಗ್ಲಿಷಿನವರು ‘ಹಿ ಡಸ್ ವರ್ಕ್’ ಎನ್ನುತ್ತಾರೆ. ಸಾಮಾನ್ಯ ವಾಕ್ಯದಲ್ಲಿಯೂ ಈ ‘ಡು’ ಮರೆಯಲ್ಲಿ ನಿಂತಿದೆ ಎಂದು ಭಾವಿಸಿಕೊಳ್ಳಿ. ಪ್ರಶ್ನೆ ಕೇಳಬೇಕಾದಾಗ ಅದು ಹೊರಗೆ ಬಂದು ಕರ್ತೃಪದದ ಮುಂದೆ ನಿಲ್ಲುತ್ತದೆ, ಬರುವಾಗ ಕ್ರಿಯಾಪದದ ಮೇಲಿದ್ದ ‘ಎಸ್’ ಅನ್ನು ತಾನೇ ಹೊತ್ತುಕೊಂಡು ಬರುತ್ತದೆ. ಒಂದು ವಾಕ್ಯಕ್ಕೆ ಇರುವುದು ಒಂದೇ ‘ಎಸ್’ ಆದ್ದರಿಂದ ಅದನ್ನು ಎರಡು ಕಡೆ ಹಚ್ಚಲು ಬರುವುದಿಲ್ಲ. ‘ಹಿ ಡಸಂಟ್ ವರ್ಕ್’ ಎಂಬ ನಿಷೇಧ ವಾಕ್ಯದಲ್ಲಿಯೂ ನಡೆಯುವುದು ಇದೇ.

ತರಗತಿಯಲ್ಲಿ ನಾನು ಇದನ್ನು ಮಕ್ಕಳಿಂದಲೇ ಮಾಡಿಸುತ್ತೇನೆ. ಒಬ್ಬ ಹುಡುಗ ‘ಹಿ’, ಅವನ ಪಕ್ಕದಲ್ಲಿ ನಿಂತ ಹುಡುಗಿ ‘ವರ್ಕ್’. ಅವಳ ಕೈಯಲ್ಲಿ ಒಂದು ಸೀಮೆಸುಣ್ಣದ ತುಂಡು, ಅದೇ ‘ಎಸ್’. ಇಬ್ಬರೂ ಹಾಗೆ ನಿಂತರೆ ‘ಹಿ ವರ್ಕ್ಸ್’. ಈಗ ಬಾಗಿಲ ಹಿಂದೆ ಅಡಗಿದ್ದ ಮೂರನೆಯ ಹುಡುಗ ‘ಡು’ ಹೊರಬಂದು, ಅವಳ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಎಲ್ಲರಿಗಿಂತ ಮುಂದೆ ಹೋಗಿ ನಿಂತರೆ ‘ಡಸ್ ಹಿ ವರ್ಕ್?’ ಆಯಿತು. ಹುಡುಗಿ ಖಾಲಿ ಅಂಗೈ ಚಾಚಿ ತೋರಿಸುತ್ತಾಳೆ. ಆ ಖಾಲಿ ಅಂಗೈಯನ್ನು ಒಮ್ಮೆ ಕಂಡ ಮಕ್ಕಳು ‘ಡಸ್ ಹಿ ವರ್ಕ್ಸ್’ ಎಂದು ಬರೆಯುವುದು ಬಹಳ ಕಡಿಮೆ.

ಕನ್ನಡದವರಿಗೆ ಇದು ಕಷ್ಟವೆನಿಸಲು ಬಲವಾದ ಕಾರಣವೇ ಇದೆ. ನಮ್ಮ ಭಾಷೆಯಲ್ಲಿ ಪ್ರಶ್ನೆ ಇರುವುದು ವಾಕ್ಯದ ಬಾಲದಲ್ಲಿ. ‘ಬರುತ್ತಾನೆ’ ಎಂಬುದರ ಕೊನೆಯನ್ನು ಎಳೆದು ‘ಬರುತ್ತಾನಾ?’ ಎಂದರೆ ಮುಗಿಯಿತು, ಬರವಣಿಗೆಯಲ್ಲಾದರೆ ‘ಬರುತ್ತಾನೆಯೇ?’ ಎಂದು ಒಂದು ‘ಏ’ ಸೇರಿಸಿದರೆ ಆಯಿತು. ಇಂಗ್ಲಿಷಿನಲ್ಲಿ ಪ್ರಶ್ನೆ ಇರುವುದು ವಾಕ್ಯದ ತಲೆಯಲ್ಲಿ. ನಾವು ಕನ್ನಡದ ಅಭ್ಯಾಸದಂತೆ ‘ಯು ವರ್ಕ್ ಹಿಯರ್?’ ಎಂದು ಕೊನೆಯಲ್ಲಿ ಧ್ವನಿ ಏರಿಸಿ ಕೇಳುತ್ತೇವೆ. ಮಾತಿನಲ್ಲಿ ಅದು ಅರ್ಥವಾಗುತ್ತದೆ, ಇಂಗ್ಲಿಷಿನವರೂ ಕೆಲವೊಮ್ಮೆ ಹಾಗೆ ಕೇಳುವುದುಂಟು. ಆದರೆ ಅವರ ಬಾಯಲ್ಲಿ ಅದು ‘ಓಹೋ, ನೀವು ಇಲ್ಲಿ ಕೆಲಸ ಮಾಡುತ್ತೀರಾ!’ ಎಂಬ ಆಶ್ಚರ್ಯದ ಅಥವಾ ಖಚಿತಪಡಿಸಿಕೊಳ್ಳುವ ಪ್ರಶ್ನೆ. ತಿಳಿಯದ್ದನ್ನು ತಿಳಿಯಲು ಕೇಳುವಾಗ ‘ಡು ಯು ವರ್ಕ್ ಹಿಯರ್?’ ಎಂದೇ ಶುರುಮಾಡಬೇಕು.

ಇನ್ನು ‘ಡು’ ಬಂದ ಬಗೆ. ಹಿಂದೆ ಇಂಗ್ಲಿಷಿನವರೂ ‘ಡು’ ಇಲ್ಲದೆಯೇ, ಕ್ರಿಯಾಪದವನ್ನೇ ಮುಂದಕ್ಕೆ ತಂದು ಪ್ರಶ್ನೆ ಕೇಳುತ್ತಿದ್ದರು. 1611ರಲ್ಲಿ ಅಚ್ಚಾದ ಬೈಬಲ್ಲಿನ ಇಂಗ್ಲಿಷ್ ಅನುವಾದದಲ್ಲಿ ‘ನೀನು ನನ್ನನ್ನು ಪ್ರೀತಿಸುತ್ತೀಯಾ?’ ಎಂಬ ಪ್ರಶ್ನೆ ‘ಲವೆಸ್ಟ್ ದೌ ಮಿ?’ ಎಂದೇ ಇದೆ, ಅಲ್ಲಿ ‘ಡು’ ಇಲ್ಲ. 16ನೆಯ ಶತಮಾನದಲ್ಲಿ ಬಳಕೆ ಹೆಚ್ಚಿಸಿಕೊಂಡ ಈ ‘ಡು’, 18ನೆಯ ಶತಮಾನದ ಹೊತ್ತಿಗೆ ಪ್ರಶ್ನೆಗೂ ನಿಷೇಧಕ್ಕೂ ಕಡ್ಡಾಯವೆಂಬಷ್ಟು ನೆಲೆಯೂರಿತು. ಅಷ್ಟರಲ್ಲಿ ಕ್ರಿಯಾಪದದ ಹಳೆಯ ಪ್ರತ್ಯಯಗಳೆಲ್ಲ ಉದುರಿ, ಈ ಕಾಲದಲ್ಲಿ ‘ಎಸ್’ ಒಂದೇ ಉಳಿದುಕೊಂಡಿತ್ತು. ಕನ್ನಡದಲ್ಲಿ ಬರುತ್ತೇನೆ, ಬರುತ್ತೇವೆ, ಬರುತ್ತೀಯ, ಬರುತ್ತೀರಿ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ, ಬರುತ್ತದೆ, ಬರುತ್ತವೆ ಎಂದು ಒಂಬತ್ತು ರೂಪಗಳನ್ನು ತಡವರಿಸದೆ ಬಳಸುವ ನಾವು, ಇಂಗ್ಲಿಷಿನ ‘ಕಮ್’, ‘ಕಮ್ಸ್’ ಎಂಬ ಎರಡು ರೂಪಗಳಿಗೆ ಹೆದರಬೇಕಾಗಿಲ್ಲ.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. ಕನ್ನಡ ವ್ಯಾಕರಣದಲ್ಲಿ ಅವನು, ಅವಳು, ಅದು ಎಂಬವು ಪ್ರಥಮ ಪುರುಷ. ನಾನು, ನಾವು ಎಂಬವು ಉತ್ತಮ ಪುರುಷ. ಇಂಗ್ಲಿಷ್ ವ್ಯಾಕರಣದಲ್ಲಿ ‘ಫಸ್ಟ್ ಪರ್ಸನ್’ ಎಂದರೆ ನಾನು, ‘ಥರ್ಡ್ ಪರ್ಸನ್’ ಎಂದರೆ ಅವನು. ಎರಡೂ ವಿಷಯಗಳನ್ನು ಒಂದೇ ವರ್ಷ ಓದುವ ಮಕ್ಕಳು ‘ಪ್ರಥಮ’ವನ್ನು ‘ಫಸ್ಟ್’ ಎಂದು ತಿಳಿದು ‘ಐ ವರ್ಕ್ಸ್’ ಎಂದು ಬರೆಯುವುದನ್ನು ನೋಡಿದ್ದೇನೆ. ಆ ತಪ್ಪನ್ನು ದಡ್ಡತನವೆಂದು ಗದರಿಸಬಾರದು, ಹೆಸರಿನ ಗೊಂದಲವನ್ನು ಬಿಡಿಸಿ ಹೇಳಬೇಕು.

ಪ್ರಶ್ನೆ (ಗೃಹಿಣಿ, ಶಿರಸಿ): ‘ಆರ್ ಯು’ ಎಂದು ಶುರುಮಾಡಬೇಕೋ ‘ಡು ಯು’ ಎಂದೋ ಎಂಬುದೇ ನನಗೆ ತಿಳಿಯುವುದಿಲ್ಲ. ಮಗಳ ಶಾಲೆಯ ಸಭೆಯಲ್ಲಿ ಒಬ್ಬರನ್ನು ‘ಆರ್ ಯು ಟೀಚ್ ಮ್ಯಾಥ್ಸ್?’ ಎಂದು ಕೇಳಿ, ಅವರು ‘ಯೆಸ್, ಐ ಡು’ ಎಂದಾಗ ನಾಚಿಕೆಯಾಯಿತು. ಮಾತಾಡುವಾಗ ತಕ್ಷಣ ಹೊಳೆಯುವಂಥ ಒಂದು ಉಪಾಯ ಹೇಳುವಿರಾ?

ಉತ್ತರ: ನಾಚಿಕೆ ಬೇಡ. ಆ ಶಿಕ್ಷಕರು ನಿಮ್ಮ ಪ್ರಶ್ನೆಯನ್ನು ಅರ್ಥಮಾಡಿಕೊಂಡು, ಸರಿಯಾದ ಪದ ‘ಡು’ ಎಂಬುದನ್ನು ತಮ್ಮ ಉತ್ತರದಲ್ಲಿಯೇ ನಿಮಗೆ ಕೊಟ್ಟಿದ್ದಾರೆ.

ನೀವು ಕೇಳಿದ ಉಪಾಯ ನಮ್ಮ ಕನ್ನಡದಲ್ಲಿಯೇ ಇದೆ. ಇಂಗ್ಲಿಷಿನ ‘ನೋ’ ಎಂಬುದಕ್ಕೆ ನಮ್ಮಲ್ಲಿ ‘ಅಲ್ಲ’ ಮತ್ತು ‘ಇಲ್ಲ’ ಎಂದು ಎರಡು ಪದಗಳಿವೆ, ಮತ್ತು ಯಾವ ಪ್ರಶ್ನೆಗೆ ಯಾವುದನ್ನು ಹೇಳಬೇಕೆಂದು ಮೂರು ವರ್ಷದ ಮಗುವಿಗೂ ಗೊತ್ತು. ನೀವು ಕೇಳಬೇಕೆಂದಿರುವ ಪ್ರಶ್ನೆಯನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಕೇಳಿಕೊಂಡು, ಅದಕ್ಕೆ ನಿಷೇಧದ ಉತ್ತರ ಏನು ಬರುತ್ತದೆ ಎಂದು ನೋಡಿ. ‘ನೀವು ಟೀಚರಾ?’ ಎಂದರೆ ಉತ್ತರ ‘ಅಲ್ಲ’. ಹಾಗಾದರೆ ಇಂಗ್ಲಿಷಿನಲ್ಲಿ ‘ಆರ್ ಯು ಎ ಟೀಚರ್?’ ಎನ್ನಬೇಕು. ‘ನೀವು ಗಣಿತ ಕಲಿಸುತ್ತೀರಾ?’ ಎಂದರೆ ಉತ್ತರ ‘ಇಲ್ಲ’. ಹಾಗಾದರೆ ‘ಡು ಯು ಟೀಚ್ ಮ್ಯಾಥ್ಸ್?’ ‘ಇದು ನಿಮ್ಮ ಕೊಡೆಯಾ?’ ಎಂಬುದಕ್ಕೆ ‘ಅಲ್ಲ’, ಆದ್ದರಿಂದ ‘ಈಸ್ ದಿಸ್ ಯುವರ್ ಅಂಬ್ರೆಲಾ?’ ‘ಈ ಬಸ್ಸು ಯಲ್ಲಾಪುರಕ್ಕೆ ಹೋಗುತ್ತದಾ?’ ಎಂಬುದಕ್ಕೆ ‘ಇಲ್ಲ’, ಆದ್ದರಿಂದ ‘ಡಸ್ ದಿಸ್ ಬಸ್ ಗೋ ಟು ಯಲ್ಲಾಪುರ?’ ಒಟ್ಟಿನಲ್ಲಿ ‘ಅಲ್ಲ’ ಎಂಬ ಉತ್ತರಕ್ಕೆ ಆ್ಯಮ್, ಈಸ್, ಆರ್; ‘ಇಲ್ಲ’ ಎಂಬ ಉತ್ತರಕ್ಕೆ ಡು, ಡಸ್.

ಈ ಅಳತೆಗೋಲು ತಪ್ಪುವ ಒಂದು ಜಾಗವನ್ನು ಮುಚ್ಚಿಡಬಾರದು. ಕನ್ನಡದ ವಾಕ್ಯ ‘ಇದೆ’, ‘ಇದ್ದಾನೆ’, ‘ಇದ್ದಾರೆ’ ಎಂದು ಮುಗಿದಾಗ ಉತ್ತರ ‘ಇಲ್ಲ’ ಎಂದೇ ಬಂದರೂ ಇಂಗ್ಲಿಷಿನಲ್ಲಿ ಎರಡು ದಾರಿಗಳಿವೆ. ‘ಅವರು ಮನೆಯಲ್ಲಿ ಇದ್ದಾರಾ?’, ‘ನೀರು ಬಿಸಿ ಇದೆಯಾ?’ ಎಂಬಂತೆ ಎಲ್ಲಿ, ಹೇಗೆ ಎಂಬುದನ್ನು ತಿಳಿಸುವ ‘ಇದೆ’ ಆದರೆ ‘ಈಸ್ ಹಿ ಅಟ್ ಹೋಮ್?’, ‘ಈಸ್ ದ ವಾಟರ್ ಹಾಟ್?’ ಎನ್ನಬೇಕು. ‘ನಿಮಗೆ ತಮ್ಮಂದಿರು ಇದ್ದಾರಾ?’, ‘ನಿಮ್ಮ ಹತ್ತಿರ ಚಿಲ್ಲರೆ ಇದೆಯಾ?’ ಎಂಬಂತೆ ‘ಗೆ’ ಅಥವಾ ‘ಹತ್ತಿರ’ ಜೊತೆಗಿದ್ದರೆ ಅದು ಒಡೆತನದ ಅಥವಾ ಸಂಬಂಧದ ಮಾತು. ಕನ್ನಡದಲ್ಲಿ ‘ಹ್ಯಾವ್’ ಎಂಬುದಕ್ಕೆ ಸರಿಸಮನಾದ ಕ್ರಿಯಾಪದವಿಲ್ಲದೆ ನಾವು ‘ಇದೆ’ ಎಂದೇ ಹೇಳುತ್ತೇವೆ, ಇಂಗ್ಲಿಷಿನಲ್ಲಿ ‘ಡು ಯು ಹ್ಯಾವ್ ಬ್ರದರ್ಸ್?’, ‘ಡು ಯು ಹ್ಯಾವ್ ಚೇಂಜ್?’ ಎನ್ನಬೇಕು.

ಈ ‘ಗೆ’ ಎಂಬ ವಿಭಕ್ತಿ ಪ್ರತ್ಯಯ ಇನ್ನೂ ಒಂದು ಉಪಕಾರ ಮಾಡುತ್ತದೆ. ‘ನಿಮಗೆ’ ಎಂದು ಶುರುವಾಗುವ ನಮ್ಮ ಪ್ರಶ್ನೆಗಳು ಬಹುತೇಕ ‘ಡು ಯು’ ಆಗುತ್ತವೆ. ನಿಮಗೆ ಇಷ್ಟವೇ, ‘ಡು ಯು ಲೈಕ್’. ನಿಮಗೆ ಬೇಕೇ, ‘ಡು ಯು ವಾಂಟ್’. ನಿಮಗೆ ಗೊತ್ತೇ, ‘ಡು ಯು ನೋ’. ನಿಮಗೆ ನೆನಪಿದೆಯೇ, ‘ಡು ಯು ರಿಮೆಂಬರ್’. ನಿಮಗೆ ಅರ್ಥವಾಗುತ್ತದೆಯೇ, ‘ಡು ಯು ಅಂಡರ್‌ಸ್ಟ್ಯಾಂಡ್’. ಹೊರಗುಳಿಯುವವು ಮುಖ್ಯವಾಗಿ ಹಸಿವು, ಬಾಯಾರಿಕೆ, ಚಳಿ, ವಯಸ್ಸು. ನಮಗೆ ಹಸಿವು ‘ಆಗುತ್ತದೆ’, ಇಂಗ್ಲಿಷಿನವರು ತಾವೇ ‘ಹಂಗ್ರಿ’ ಆಗಿರುತ್ತಾರೆ. ಆದ್ದರಿಂದ ‘ಆರ್ ಯು ಹಂಗ್ರಿ?’, ‘ಹೌ ಓಲ್ಡ್ ಆರ್ ಯು?’ ಅಡುಗೆ ಮಾಡುತ್ತಲೇ ಇಂಥ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿಕೊಂಡು, ಅಲ್ಲ ಅಥವಾ ಇಲ್ಲ ಎಂದು ಉತ್ತರಿಸಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿ ನೋಡಿ. ಒಂದು ವಾರ ಹೀಗೆ ಮಾಡಿದರೆ ‘ಆರ್ ಯು ಟೀಚ್’ ಎಂಬುದು ನಿಮ್ಮ ಕಿವಿಗೇ ಒರಟಾಗಿ ಕೇಳತೊಡಗುತ್ತದೆ.

ಪ್ರಶ್ನೆ (ಹತ್ತನೆಯ ತರಗತಿಯ ವಿದ್ಯಾರ್ಥಿನಿ, ತುಮಕೂರು): ತಂದೆಯ ಬಗ್ಗೆ ಹೇಳುವಾಗ ‘ಹಿ’ ಎನ್ನುವುದು ‘ಅವನು’ ಎಂದ ಹಾಗಲ್ಲವೇ? ‘ಮೈ ಫಾದರ್ ವರ್ಕ್’ ಎಂದು ಬರೆದರೆ ಟೀಚರ್ ತಪ್ಪು ಎನ್ನುತ್ತಾರೆ. ಅಪ್ಪನಿಗೆ ಗೌರವ ಕೊಟ್ಟು ಬರೆಯಲು ಏನು ಮಾಡಬೇಕು?

ಉತ್ತರ: ನಿನ್ನ ಪ್ರಶ್ನೆ ನನಗೆ ಬಹಳ ಸಂತೋಷ ಕೊಟ್ಟಿತು, ಏಕೆಂದರೆ ನಮ್ಮ ಮಕ್ಕಳ ಬರವಣಿಗೆಯಲ್ಲಿ ‘ಎಸ್’ ಬಿಟ್ಟುಹೋಗುವ ಒಂದು ನಿಜವಾದ ಕಾರಣವನ್ನು ನೀನೇ ಎತ್ತಿ ತೋರಿಸಿದ್ದೀಯೆ. ಕನ್ನಡದಲ್ಲಿ ‘ಅಪ್ಪ ಕೆಲಸ ಮಾಡುತ್ತಾರೆ’ ಎಂದು ಬಹುವಚನ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಬಹುವಚನಕ್ಕೆ ‘ಎಸ್’ ಬರುವುದಿಲ್ಲ: ‘ದೇ ವರ್ಕ್’. ಆದ್ದರಿಂದ ನಿನ್ನ ಮನಸ್ಸು ಗೌರವದಿಂದಲೇ ‘ಮೈ ಫಾದರ್ ವರ್ಕ್’ ಎಂದು ಬರೆಸಿತು. ಆದರೆ ಇಂಗ್ಲಿಷಿನಲ್ಲಿ ಗೌರವಕ್ಕೆ ಬಹುವಚನವಿಲ್ಲ. ಒಬ್ಬ ವ್ಯಕ್ತಿ ಎಂದರೆ, ಅವರು ರಾಷ್ಟ್ರಪತಿಯಾಗಲಿ, ಅಜ್ಜಿಯಾಗಲಿ, ಪಕ್ಕದ ಮನೆಯ ಪುಟ್ಟ ಹುಡುಗನಾಗಲಿ, ಏಕವಚನವೇ: ‘ಹಿ ವರ್ಕ್ಸ್’, ‘ಶಿ ಕುಕ್ಸ್’. ‘ಹಿ’ ಎಂಬುದರಲ್ಲಿ ‘ಅವನು’ ಎಂಬ ಸಲುಗೆಯೂ ಇಲ್ಲ, ‘ಅವರು’ ಎಂಬ ಗೌರವವೂ ಇಲ್ಲ. ಅದು ಎರಡನ್ನೂ ಹೇಳದ ಪದ. ಆದ್ದರಿಂದ ‘ವೇರ್ ಡಸ್ ಯುವರ್ ಫಾದರ್ ವರ್ಕ್?’ ಎಂದು ಯಾರಾದರೂ ಕೇಳಿದರೆ ‘ಹಿ ವರ್ಕ್ಸ್ ಇನ್ ತುಮಕೂರು’ ಎಂದು ಧೈರ್ಯವಾಗಿ ಹೇಳು. ತಂದೆ ತಾಯಿ ಇಬ್ಬರನ್ನೂ ಸೇರಿಸಿ ಹೇಳುವಾಗ ಮಾತ್ರ ‘ದೇ ವರ್ಕ್’, ‘ಡು ದೇ ವರ್ಕ್?’ ಸರಿಯಾಗುತ್ತದೆ.

ಪ್ರಶ್ನೆ (ನಿವೃತ್ತ ಶಿಕ್ಷಕಿ, ಮೈಸೂರು): ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ವಿಮಾನ ನಿಲ್ದಾಣದ ಅಧಿಕಾರಿಯೊಬ್ಬರು ‘ಯು ಡೋಂಟ್ ಹ್ಯಾವ್ ಎನಿ ಫ್ರೂಟ್ಸ್ ಆರ್ ಮೀಟ್?’ ಎಂದು ಕೇಳಿದರು. ‘ಹೌದು, ಇಲ್ಲ’ ಎಂಬ ಅರ್ಥದಲ್ಲಿ ನಾನು ‘ಯೆಸ್’ ಎಂದೆ. ಅವರು ಪೆಟ್ಟಿಗೆ ತೆಗೆಸಿ, ಚಟ್ನಿಪುಡಿ, ಹಪ್ಪಳ, ಕೋಡುಬಳೆಯ ಡಬ್ಬಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಡಿಸಿದರು. ನನ್ನ ಉತ್ತರದಲ್ಲಿ ತಪ್ಪೇನಿತ್ತು?

ಉತ್ತರ: ಕನ್ನಡದ ಲೆಕ್ಕದಲ್ಲಿ ನಿಮ್ಮ ಉತ್ತರ ಪೂರ್ತಿ ಸರಿ. ನಾವು ‘ಹೌದು’ ಎನ್ನುವುದು ಎದುರಿನವರ ಮಾತನ್ನು ಒಪ್ಪಿಕೊಳ್ಳಲು. ‘ನೀವು ಕಾಫಿ ಕುಡಿಯುವುದಿಲ್ಲವೇ?’ ಎಂದು ಕೇಳಿದರೆ, ಕುಡಿಯದವರು ‘ಹೌದು, ಕುಡಿಯುವುದಿಲ್ಲ’ ಎನ್ನುತ್ತಾರೆ. ಇಂಗ್ಲಿಷಿನ ‘ಯೆಸ್’ ಕೇಳಿದವರ ಮಾತನ್ನು ಲೆಕ್ಕಿಸುವುದಿಲ್ಲ, ನಿಜಸ್ಥಿತಿಯನ್ನಷ್ಟೇ ನೋಡುತ್ತದೆ. ಹಣ್ಣು ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’. ಪ್ರಶ್ನೆಯಲ್ಲಿ ‘ಡೋಂಟ್’ ಇರಲಿ, ಬಿಡಲಿ. ನೀವು ‘ಯೆಸ್’ ಎಂದಾಗ ಆ ಅಧಿಕಾರಿಗೆ ಕೇಳಿಸಿದ್ದು ‘ಇದೆ’ ಎಂದು. ಜಪಾನಿ ಭಾಷೆಯವರೂ ನಮ್ಮ ಹಾಗೆಯೇ ಉತ್ತರಿಸುವುದರಿಂದ ಅವರಿಗೂ ಇಂಗ್ಲಿಷಿನಲ್ಲಿ ಇದೇ ತೊಡಕು ಬರುತ್ತದೆ, ಇದರಲ್ಲಿ ನೀವು ಒಬ್ಬಂಟಿಯಲ್ಲ.

ಇಂಥ ಪ್ರಶ್ನೆ ಎದುರಾದಾಗ ಅದರೊಳಗಿನ ‘ಡೋಂಟ್’ ಅನ್ನು ಕಿವಿಗೆ ಹಾಕಿಕೊಳ್ಳದೆ, ‘ಡು ಯು ಹ್ಯಾವ್?’ ಎಂದೇ ಕೇಳಿದರೆಂದು ತಿಳಿದು ಉತ್ತರಿಸಿ. ಜೊತೆಗೆ ಒಂಟಿ ಪದದಲ್ಲಿ ನಿಲ್ಲಿಸದೆ ‘ನೋ, ಐ ಡೋಂಟ್’ ಎಂದು ಪೂರ್ತಿಗೊಳಿಸಿ. ‘ಯೆಸ್’ ಹೇಳಿದರೆ ಅದರ ಹಿಂದೆ ‘ಡು’, ‘ನೋ’ ಹೇಳಿದರೆ ‘ಡೋಂಟ್’. ‘ಯೆಸ್, ಐ ಡೋಂಟ್’ ಎಂಬ ಜೋಡಿ ಇಂಗ್ಲಿಷಿನಲ್ಲಿ ಇಲ್ಲ. ಆಸ್ಪತ್ರೆಯಲ್ಲಿ ‘ಡೋಂಟ್ ಯು ಟೇಕ್ ಬಿಪಿ ಟ್ಯಾಬ್ಲೆಟ್ಸ್?’ ಎಂಬಂಥ ಪ್ರಶ್ನೆ ಬಂದರೆ, ಯೆಸ್, ನೋ ಎರಡನ್ನೂ ಬಿಟ್ಟು ‘ಐ ಟೇಕ್ ಒನ್ ಎವ್ರಿ ಮಾರ್ನಿಂಗ್’ ಎಂದೋ, ‘ಐ ಡೋಂಟ್ ಟೇಕ್ ಎನಿ’ ಎಂದೋ ಪೂರ್ಣ ವಾಕ್ಯದಲ್ಲಿ ಹೇಳುವುದು ಎಲ್ಲಕ್ಕಿಂತ ಕ್ಷೇಮ. ಔಷಧದ ವಿಷಯದಲ್ಲಿ ಒಂದು ‘ಯೆಸ್’ ತಪ್ಪು ಅರ್ಥ ಕೊಡಬಾರದು.

ಪ್ರಶ್ನೆ (ಬಟ್ಟೆ ಅಂಗಡಿಯವರು, ದಾವಣಗೆರೆ): ಗಿರಾಕಿಗಳು ‘ಡು ಯು ಹ್ಯಾವ್ ದಿಸ್ ಇನ್ ಬ್ಲೂ?’ ಎಂದು ಕೇಳುತ್ತಾರೆ. ‘ಯೆಸ್’ ಎಂದರೆ ಸಾಕೇ? ನಮ್ಮ ಹುಡುಗ ಯಾವಾಗಲೂ ‘ಯೆಸ್, ಐ ಆ್ಯಮ್’ ಎನ್ನುತ್ತಾನೆ.

ಉತ್ತರ: ‘ಯೆಸ್’ ತಪ್ಪಲ್ಲ, ಆದರೆ ಅದೊಂದನ್ನೇ ಹೇಳಿದರೆ ಸ್ವಲ್ಪ ಒಣಗಿದ ಹಾಗೆ ಕೇಳುತ್ತದೆ. ಕನ್ನಡದಲ್ಲಿ ಪ್ರಶ್ನೆಯ ಕೊನೆಯ ಪದವನ್ನೇ ಹಿಂದಿರುಗಿಸಿ ಉತ್ತರ ಕೊಡುತ್ತೇವೆ: ‘ಇದೆಯಾ?’, ‘ಇದೆ’; ‘ಊಟ ಆಯಿತಾ?’, ‘ಆಯಿತು’. ಇಂಗ್ಲಿಷಿನಲ್ಲಿ ಪ್ರಶ್ನೆಯ ಮೊದಲ ಪದವನ್ನು ಹಿಂದಿರುಗಿಸಬೇಕು. ‘ಡು’ ಎಂದು ಕೇಳಿದರೆ ‘ಯೆಸ್, ವಿ ಡು’. ‘ಡಸ್’ ಎಂದು ಕೇಳಿದರೆ ‘ಯೆಸ್, ಇಟ್ ಡಸ್’. ‘ಈಸ್’ ಎಂದು ಕೇಳಿದರೆ ‘ಯೆಸ್, ಇಟ್ ಈಸ್’. ಅಂಗಡಿಯ ಪರವಾಗಿ ಮಾತಾಡುವಾಗ ‘ಐ’ಗಿಂತ ‘ವಿ’ ಒಪ್ಪುತ್ತದೆ. ಪ್ರಶ್ನೆಯ ಮೊದಲ ಪದವನ್ನು ಗಮನವಿಟ್ಟು ಕೇಳಿಸಿಕೊಳ್ಳಲು ಹುಡುಗನಿಗೆ ಹೇಳಿ. ಉತ್ತರದ ಕೊನೆಯ ಪದ ಅಲ್ಲಿಯೇ ಸಿಗುತ್ತದೆ.

ಪ್ರಶ್ನೆ (ಉದ್ಯೋಗಾಕಾಂಕ್ಷಿ, ಬೆಂಗಳೂರು): ಸಂದರ್ಶನದಲ್ಲಿ ‘ವಾಟ್ ಡು ಯು ಡು?’ ಎಂದು ಕೇಳಿದರು. ಅದೇ ಕ್ಷಣದ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದು ‘ಐ ಆ್ಯಮ್ ಸಿಟಿಂಗ್ ಹಿಯರ್’ ಎಂದೆ. ಎರಡು ‘ಡು’ ಕೇಳಿ ತಲೆ ಕೆಟ್ಟಿತು. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಉತ್ತರ: ಎರಡು ‘ಡು’ಗಳು ಬೇರೆ ಬೇರೆ. ಮೊದಲನೆಯದು ಪ್ರಶ್ನೆಯ ಗುರುತು, ಎರಡನೆಯದು ‘ಮಾಡು’ ಎಂಬ ನಿಜವಾದ ಕ್ರಿಯಾಪದ. ‘ವಾಟ್ ಡು ಯು ಡು?’ ಎಂಬುದಕ್ಕೆ ಪುಸ್ತಕದ ಅನುವಾದ ‘ನೀವು ಏನು ಮಾಡುತ್ತೀರಿ?’ ಎಂದಾದರೂ, ನಮ್ಮ ಮಾತಿನಲ್ಲಿ ಅದಕ್ಕೆ ಇನ್ನೂ ಹತ್ತಿರದ ಪ್ರಶ್ನೆಯಿದೆ. ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕುಳಿತ ಹಿರಿಯರು ‘ಏನು ಮಾಡಿಕೊಂಡಿದ್ದೀರಿ?’ ಎಂದು ವಿಚಾರಿಸುತ್ತಾರಲ್ಲ, ಅದೇ ಇದು. ಆ ಪ್ರಶ್ನೆಗೆ ಯಾರೂ ‘ಹೋಳಿಗೆ ತಿನ್ನುತ್ತಿದ್ದೇನೆ’ ಎನ್ನುವುದಿಲ್ಲ, ‘ಬ್ಯಾಂಕಿನಲ್ಲಿದ್ದೇನೆ’, ‘ತೋಟ ನೋಡಿಕೊಂಡಿದ್ದೇನೆ’ ಎನ್ನುತ್ತಾರೆ. ‘ವಾಟ್ ಆರ್ ಯು ಡೂಯಿಂಗ್?’ ಎಂದರೆ ಮಾತ್ರ ಈಗ, ಈ ಗಳಿಗೆಯಲ್ಲಿ ಏನು ಮಾಡುತ್ತಿದ್ದೀರಿ ಎಂದು.

ಉತ್ತರ ಕೊಡುವಾಗ ಕೆಲಸವಿದ್ದರೆ ‘ಐ ವರ್ಕ್ ಫಾರ್ ಎ ಟ್ರಾವೆಲ್ ಏಜೆನ್ಸಿ’ ಅಥವಾ ‘ಐ ಟೀಚ್ ಸೈನ್ಸ್’ ಎಂದು ಸರಳ ವರ್ತಮಾನದಲ್ಲಿ ಹೇಳಬೇಕು. ಕೆಲಸ ಹುಡುಕುತ್ತಿರುವವರು ‘ಐ ಆ್ಯಮ್ ಲುಕಿಂಗ್ ಫಾರ್ ಎ ಜಾಬ್’ ಎನ್ನುವುದು ಸರಿ, ಏಕೆಂದರೆ ಅದು ಸದ್ಯಕ್ಕೆ ನಡೆದಿರುವ ಕೆಲಸ, ಕಾಯಂ ಸ್ಥಿತಿಯಲ್ಲ. ಹಾಗೆಯೇ ಇದ್ದದ್ದು, ತಿಳಿದದ್ದು, ಬೇಕೆನಿಸಿದ್ದು, ಇಷ್ಟಪಟ್ಟಿದ್ದು, ಇವು ಸ್ಥಿತಿಗಳೇ ಹೊರತು ನಡೆಯುತ್ತಿರುವ ಕೆಲಸಗಳಲ್ಲ. ಆದ್ದರಿಂದ ‘ಐ ಆ್ಯಮ್ ಹ್ಯಾವಿಂಗ್ ಟು ಸಿಸ್ಟರ್ಸ್’, ‘ಐ ಆ್ಯಮ್ ನೋಯಿಂಗ್ ಕನ್ನಡ’ ಎನ್ನದೆ ‘ಐ ಹ್ಯಾವ್ ಟು ಸಿಸ್ಟರ್ಸ್’, ‘ಐ ನೋ ಕನ್ನಡ’ ಎನ್ನಿ. ಕನ್ನಡದಲ್ಲಿಯೂ ‘ನನಗೆ ಇಬ್ಬರು ಅಕ್ಕಂದಿರು ಇರುತ್ತಿದ್ದಾರೆ’ ಎಂದು ಯಾರೂ ಹೇಳುವುದಿಲ್ಲ.

ಇನ್ನೊಂದು ವಿಷಯ. ನಮ್ಮ ‘ಬರುತ್ತೇನೆ’ ಎಂಬುದು ದಿನನಿತ್ಯಕ್ಕೂ ನಾಳೆಗೂ ಒಂದೇ: ‘ದಿನಾ ಬಸ್ಸಿನಲ್ಲಿ ಬರುತ್ತೇನೆ’, ‘ನಾಳೆ ಬರುತ್ತೇನೆ’. ಇಂಗ್ಲಿಷಿನಲ್ಲಿ ಮೊದಲನೆಯದು ‘ಐ ಕಮ್ ಬೈ ಬಸ್’, ಎರಡನೆಯದು ‘ಐ ವಿಲ್ ಕಮ್ ಟುಮಾರೊ’. ‘ವೆನ್ ಕ್ಯಾನ್ ಯು ಜಾಯಿನ್?’ ಎಂದು ಕೇಳಿದಾಗ ‘ಐ ಜಾಯಿನ್ ಆನ್ ಮಂಡೇ’ ಎನ್ನದೆ ‘ಐ ಕ್ಯಾನ್ ಜಾಯಿನ್ ಆನ್ ಮಂಡೇ’ ಎನ್ನಿ. ರೈಲು, ಬಸ್ಸುಗಳ ವೇಳಾಪಟ್ಟಿಗೆ ಮಾತ್ರ ನಾಳೆಯ ವಿಷಯವಾದರೂ ‘ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್’ ಎಂಬ ಸರಳ ವರ್ತಮಾನ ನಡೆಯುತ್ತದೆ.

ಪ್ರಶ್ನೆ (ಬಿ.ಇಡಿ. ವಿದ್ಯಾರ್ಥಿ, ಧಾರವಾಡ): ‘ಹೂ’ ಬಂದ ಪ್ರಶ್ನೆಗಳಲ್ಲಿ ಕೆಲವೊಮ್ಮೆ ‘ಡು’ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಇದಕ್ಕೆ ನಿಯಮವೇನು?

ಉತ್ತರ: ವಿಭಕ್ತಿ ನೋಡಿ. ಕನ್ನಡದಲ್ಲಿ ‘ಯಾರು’ ಎಂದು ಪ್ರಥಮಾ ವಿಭಕ್ತಿಯಲ್ಲಿದ್ದರೆ ‘ಡು’ ಬೇಡ: ‘ನಿಮಗೆ ಯಾರು ಪಾಠ ಮಾಡುತ್ತಾರೆ?’, ‘ಹೂ ಟೀಚಸ್ ಯು?’ ಇಲ್ಲಿ ‘ಹೂ’ ಎಂಬುದೇ ಕರ್ತೃಪದ, ಅದು ಮೊದಲೇ ವಾಕ್ಯದ ತಲೆಯಲ್ಲಿ ನಿಂತಿರುವುದರಿಂದ ‘ಡು’ ಹೊರಬರುವ ಅಗತ್ಯವೇ ಇಲ್ಲ, ‘ಎಸ್’ ಕೂಡ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ‘ಯಾರನ್ನು’, ‘ಯಾರಿಗೆ’ ಎಂದಾದರೆ ‘ಡು’ ಬೇಕು: ‘ನೀವು ಯಾರಿಗೆ ಪಾಠ ಮಾಡುತ್ತೀರಿ?’, ‘ಹೂ ಡು ಯು ಟೀಚ್?’ ‘ವಾಟ್’ ಕೂಡ ಹಾಗೆಯೇ: ‘ವಾಟ್ ಹ್ಯಾಪನ್ಸ್ ನೆಕ್ಸ್ಟ್?’ ಎಂಬಲ್ಲಿ ‘ಡು’ ಇಲ್ಲ, ‘ವಾಟ್ ಡು ಯು ವಾಂಟ್?’ ಎಂಬಲ್ಲಿ ಇದೆ. ವೇರ್, ವೆನ್, ವೈ, ಹೌ ಎಂಬವು ಎಂದೂ ಕರ್ತೃಪದವಾಗುವುದಿಲ್ಲ, ಆದ್ದರಿಂದ ಅವುಗಳ ಹಿಂದೆ ‘ಡು’, ‘ಡಸ್’ ತಪ್ಪುವುದಿಲ್ಲ. ಆ್ಯಮ್, ಈಸ್, ಆರ್ ಅಥವಾ ಕ್ಯಾನ್, ವಿಲ್‌ನಂಥವು ಇದ್ದ ವಾಕ್ಯಗಳ ಮಾತು ಬೇರೆ.

ಒಂದು ಪ್ರಶ್ನೆಯನ್ನು ಇನ್ನೊಂದರ ಒಳಗೆ ಇಟ್ಟು ಕೇಳುವಾಗ ಒಳಗಿನದು ಪ್ರಶ್ನೆಯ ರೂಪವನ್ನು ಬಿಟ್ಟುಕೊಡುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಿ. ‘ಅವರ ಮನೆ ಎಲ್ಲಿ ಗೊತ್ತೇ?’ ಎಂಬುದಕ್ಕೆ ‘ಡು ಯು ನೋ ವೇರ್ ಡಸ್ ಹಿ ಲಿವ್?’ ಎನ್ನಬಾರದು, ‘ಡು ಯು ನೋ ವೇರ್ ಹಿ ಲಿವ್ಸ್?’ ಎನ್ನಬೇಕು. ಪ್ರಶ್ನೆಯ ಕೆಲಸವನ್ನು ಹೊರಗಿನ ‘ಡು’ ಮುಗಿಸಿರುವುದರಿಂದ ಒಳಗಿನ ‘ಎಸ್’ ಮನೆಗೆ ಮರಳಿದೆ.

ಪ್ರಶ್ನೆ (ಓದುಗರು, ಉಡುಪಿ): ‘ಡಸ್’ ಎನ್ನಬೇಕೇ, ‘ಡಝ್’ ಎನ್ನಬೇಕೇ?

ಉತ್ತರ: ಕೊನೆಯ ಧ್ವನಿ ‘ಝ್’ ಎಂಬುದಕ್ಕೆ ಹತ್ತಿರ. ಗಂಟಲಿನ ಮೇಲೆ ಎರಡು ಬೆರಳಿಟ್ಟು ಹೇಳಿ ನೋಡಿ. ‘ಬಸ್’ ಎನ್ನುವಾಗ ಕೊನೆಯಲ್ಲಿ ಗಂಟಲು ಸುಮ್ಮನಾಗುತ್ತದೆ, ‘ಡಝ್’ ಎನ್ನುವಾಗ ಕೊನೆಯವರೆಗೂ ಜೇನುನೊಣದಂತೆ ಅದುರುತ್ತದೆ. ‘ವರ್ಕ್ಸ್’, ‘ಈಟ್ಸ್’ ಎಂಬವುಗಳಲ್ಲಿ ‘ಸ್’, ‘ಪ್ಲೇಸ್’, ‘ಲಿವ್ಸ್’ ಎಂಬವುಗಳಲ್ಲಿ ‘ಝ್’, ‘ವಾಚಸ್’, ‘ಟೀಚಸ್’ ಎಂಬವುಗಳಲ್ಲಿ ‘ಇಝ್’ ಎಂಬ ಪೂರ್ತಿ ಒಂದು ಅಕ್ಷರ ಕೇಳಿಸಬೇಕು. ನಮ್ಮ ನಾಲಿಗೆ ಬಸ್ಸು, ಕಾರು, ಬ್ಯಾಂಕು ಎಂದು ಕೊನೆಗೆ ಸ್ವರ ಬಯಸುತ್ತದೆ, ಅದಕ್ಕೇ ‘ವರ್ಕ್ಸು’ ಎಂದಾಗುತ್ತದೆ ಅಥವಾ ‘ಎಸ್’ ನುಂಗಿಹೋಗುತ್ತದೆ. ನುಂಗುವುದಕ್ಕಿಂತ ‘ವರ್ಕ್ಸು’ ವಾಸಿ. ಕೇಳುವವರಿಗೆ ‘ಎಸ್’ ಇದೆ ಎಂದಾದರೂ ತಿಳಿಯುತ್ತದೆ.

ಪ್ರಶ್ನೆ (ಪ್ರಾಥಮಿಕ ಶಾಲಾ ಶಿಕ್ಷಕಿ, ಬೀದರ್ ಜಿಲ್ಲೆ): ನನ್ನ ಐದನೆಯ ತರಗತಿಯ ಮಕ್ಕಳು ‘ಯೆಸ್, ಐ ಡು’ ಎಂದು ಒಕ್ಕೊರಲಿನಿಂದ ಹೇಳುತ್ತಾರೆ, ಆದರೆ ತಾವಾಗಿ ಒಂದು ಪ್ರಶ್ನೆ ಕೇಳಲು ಬರುವುದಿಲ್ಲ. ಏನು ಮಾಡಲಿ?

ಉತ್ತರ: ತರಗತಿಯಲ್ಲಿ ಪ್ರಶ್ನೆ ಕೇಳುವ ಹಕ್ಕು ಯಾವಾಗಲೂ ನಮ್ಮ ಕೈಯಲ್ಲಿಯೇ ಇರುವುದರಿಂದ ಹೀಗಾಗುತ್ತದೆ. ಮಕ್ಕಳು ವರ್ಷವಿಡೀ ಉತ್ತರಿಸುತ್ತಾರೆ, ಕೇಳುವುದಿಲ್ಲ; ಕೇಳದವರ ನಾಲಿಗೆಗೆ ‘ಡು’ ಮೊದಲು ಬರುವ ಅಭ್ಯಾಸವೇ ಆಗುವುದಿಲ್ಲ. ಆ ಹಕ್ಕನ್ನು ವಾರಕ್ಕೆ ಒಂದು ತಾಸಾದರೂ ಅವರ ಕೈಗೆ ಕೊಡಿ.

ಪ್ರತಿ ಮಗುವೂ ತನ್ನ ಪಾಟಿಯ ಮೇಲೆ ಒಂದೇ ಪ್ರಶ್ನೆ ಬರೆದುಕೊಳ್ಳಲಿ, ಮತ್ತು ಆ ಪ್ರಶ್ನೆಗೆ ಉತ್ತರ ಅದಕ್ಕೆ ನಿಜವಾಗಿಯೂ ಗೊತ್ತಿರಬಾರದು. ‘ಈಸ್ ದಿಸ್ ಎ ಪೆನ್?’ ಎಂದು ಪೆನ್ನು ಹಿಡಿದು ಕೇಳುವ ಪ್ರಶ್ನೆಗೆ ಜೀವವಿಲ್ಲ. ‘ಡು ಯು ಲೈಕ್ ಜೋಳದ ರೊಟ್ಟಿ?’, ‘ಡು ಯು ಹ್ಯಾವ್ ಎ ಗೋಟ್?’, ‘ಡು ಯು ಗೆಟ್ ಅಪ್ ಬಿಫೋರ್ ಸಿಕ್ಸ್?’ ಎಂಬಂಥವು ಬೇಕು. ರೊಟ್ಟಿ ರೊಟ್ಟಿಯಾಗಿಯೇ ಇರಲಿ, ಅದಕ್ಕೆ ಇಂಗ್ಲಿಷ್ ಹೆಸರು ಹುಡುಕುತ್ತ ತಾಸು ಕಳೆಯಬೇಡಿ. ಮಗು ಎದ್ದು ಓಡಾಡಿ ಹತ್ತು ಜನರನ್ನು ಕೇಳಿ, ‘ಯೆಸ್, ಐ ಡು’ ಎಂದವರ ಹೆಸರಿನ ಮುಂದೆ ಸರಿ ಗುರುತು, ‘ನೋ, ಐ ಡೋಂಟ್’ ಎಂದವರ ಮುಂದೆ ಅಡ್ಡ ಗೆರೆ ಹಾಕಲಿ. ಆಗ ಗದ್ದಲವಾಗುತ್ತದೆ, ಆಗಲಿ.

ನಂತರ ಮಗು ಮುಂದೆ ಬಂದು ವರದಿ ಹೇಳಬೇಕು. ಇಲ್ಲಿಯೇ ‘ಎಸ್’ ತಾನಾಗಿ ಬೇಕಾಗುತ್ತದೆ: ಕೇಳುವಾಗ ‘ಡು ಯು ಹ್ಯಾವ್ ಎ ಗೋಟ್?’ ಎಂದದ್ದು, ಹೇಳುವಾಗ ಗೆಳತಿಯ ಹೆಸರು ಹಿಡಿದು ‘ಶಿ ಹ್ಯಾಸ್ ಎ ಗೋಟ್’ ಎಂದಾಗುತ್ತದೆ. ವರದಿ ಹೇಳುವಾಗ ‘ಶಿ ಹ್ಯಾವ್’ ಎಂದರೆ ಮಧ್ಯೆ ತಡೆಯಬೇಡಿ. ಮಗು ಹೇಳಿ ಮುಗಿಸಿದ ಮೇಲೆ, ‘ಓ, ಶಿ ಹ್ಯಾಸ್ ಎ ಗೋಟ್!’ ಎಂದು ನೀವು ಸಂತೋಷದಿಂದ ಮರುನುಡಿಯಿರಿ, ಮತ್ತು ‘ಡಸ್ ಶಿ ಹ್ಯಾವ್ ಎ ಕೌ?’ ಎಂದು ತರಗತಿಯನ್ನು ಕೇಳಿ. ಆ ಹುಡುಗಿಯ ಮನೆಯಲ್ಲಿ ಹಸು ಇದೆಯೋ ಇಲ್ಲವೋ ಎಂಬುದು ನಿಮಗೂ ಗೊತ್ತಿರದಿದ್ದರೆ ಇನ್ನೂ ಒಳ್ಳೆಯದು. ಪಕ್ಕದಲ್ಲಿ ಕುಳಿತ ಗೆಳತಿ ಅವಳ ಕಡೆ ತಿರುಗಿ ‘ಡು ಯು?’ ಎಂದು ಪಿಸುಗುಟ್ಟುತ್ತಾಳೆ. ಅದಕ್ಕಾಗಿ ಕಿವಿಯಿಟ್ಟಿರಿ.